ಕಾಂಗರೂವಿನ ಚೀಲ ಕಂಡಿತು, ಅಂಡಾಶಯ ಕಾಣಲಿಲ್ಲ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಈಚೆಗೆ ಬಂದ, ಕಾಂಗರೂಗಳ ಸಂತಾನೋತ್ಪತ್ತಿಯನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಹೊಟ್ಟೆಚೀಲದ ಪ್ರಾಣಿಗಳ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಅಪರೂಪವಾಗಿರುವಾಗ ಈ ವಿಷಯಕ್ಕೆ ಅಷ್ಟು ಜಾಗ ಬಿಟ್ಟುಕೊಟ್ಟದ್ದು ಸಂತೋಷದ ಸಂಗತಿಯೇ. ಆದರೆ ಅದರಲ್ಲಿದ್ದ ಎರಡು ಹೇಳಿಕೆಗಳು ತಿದ್ದುಪಡಿಯಿಲ್ಲದೆ ಉಳಿಯಬಾರದು. ಬರಗಾಲ ಬಂದಾಗ ತಾಯಿ ಕಾಂಗರೂ ತನ್ನ ಗರ್ಭದಲ್ಲಿರುವ ಭ್ರೂಣದ ಬೆಳವಣಿಗೆಯನ್ನು ತಾನಾಗಿಯೇ ನಿಲ್ಲಿಸಿಕೊಂಡು, ಮಳೆ ಬಿದ್ದ ಮೇಲೆ ಮುಂದುವರಿಸುತ್ತದೆ ಎಂಬುದು ಮೊದಲನೆಯದು. ಈ ಪ್ರಾಣಿಗಳು ಗರ್ಭವನ್ನು ಪೂರ್ತಿ ಹೊರಲಾರದ ‘ಅರೆಬರೆ ಸಸ್ತನಿಗಳು’ ಎಂಬುದು ಎರಡನೆಯದು. ಲೇಖನದುದ್ದಕ್ಕೂ ಚೀಲದ ವರ್ಣನೆ ಇತ್ತೇ ಹೊರತು ಅಂಡಾಶಯದ ಹೆಸರು ಒಮ್ಮೆಯೂ ಬರಲಿಲ್ಲ; ಎರಡೂ ತಪ್ಪುಗಳ ಬೇರು ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಚೀಲದ ಮೇಲೆಯೇ ಕಣ್ಣು ನೆಡುವುದು ಹಳೆಯ ರೂಢಿ. 1629ರಲ್ಲಿ ಬಟಾವಿಯಾ ಎಂಬ ಡಚ್ ಹಡಗು ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಾಚೆಯ ದ್ವೀಪಗಳ ಬಳಿ ಒಡೆದಾಗ, ಅದರ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ಕೊ ಪೆಲ್ಸಾರ್ಟ್ ಅಲ್ಲಿಯ ಟಮ್ಮಾರ್ ವಾಲಬಿಗಳನ್ನು ನೋಡಿ, ಚೀಲದೊಳಗಿನ ಎಳೆಮರಿಗಳು ಮೊಲೆತೊಟ್ಟಿನಿಂದಲೇ ಮೊಳೆತು ಬೆಳೆಯುತ್ತವೆ ಎಂಬ ತೀರ್ಮಾನಕ್ಕೆ ಬಂದಿದ್ದ. ತೊಟ್ಟಿಗೆ ಅಷ್ಟು ಬಿಗಿಯಾಗಿ ಕಚ್ಚಿಕೊಂಡಿರುವ ಮರಿಯನ್ನು ಕಂಡವನಿಗೆ ಹಾಗೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕಾಂಗರೂವಿನ ಚಿಕ್ಕ ಬಂಧುವಾದ ಅದೇ ಟಮ್ಮಾರ್, ಇಪ್ಪತ್ತನೆಯ ಶತಮಾನದಲ್ಲಿ, ಚೀಲಸಸ್ತನಿಗಳ ಅಂಡಾಶಯದ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಭಾಗವನ್ನು ಒದಗಿಸಿಕೊಟ್ಟಿತು. ಆದ್ದರಿಂದ ಅದರಿಂದಲೇ ಆರಂಭಿಸುವುದು ಸೂಕ್ತ.

ಹೆಣ್ಣು ಟಮ್ಮಾರ್‌ಗೆ ಎರಡು ಅಂಡಾಶಯಗಳು ಮಾತ್ರವಲ್ಲ, ಪರಸ್ಪರ ಕೂಡಿಕೊಳ್ಳದ ಎರಡು ಪ್ರತ್ಯೇಕ ಗರ್ಭಕೋಶಗಳೂ ಇವೆ. ಒಂದು ಸಲಕ್ಕೆ ಒಂದೇ ಅಂಡಾಣು ಬಿಡುಗಡೆಯಾಗುತ್ತದೆ. ಸಾಮಾನ್ಯವಾಗಿ ಈ ಬಾರಿ ಬಲಗಡೆಯ ಅಂಡಾಶಯದಿಂದ ಬಂದರೆ ಮುಂದಿನ ಬಾರಿ ಎಡಗಡೆಯದರ ಸರದಿ. ಅಂಡಾಣು ಹೊರಬಿದ್ದ ಜಾಗದಲ್ಲಿ, ಎಲ್ಲ ಸಸ್ತನಿಗಳಲ್ಲಿಯೂ ಆಗುವಂತೆ, ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ರೂಪುಗೊಳ್ಳುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ಭ್ರೂಣಕ್ಕೆ ಅಣಿಗೊಳಿಸುವುದು ಇದರ ಕೆಲಸ. ಮನುಷ್ಯರಲ್ಲಿ ಈ ಗ್ರಂಥಿಯ ಆಯುಸ್ಸು ಸುಮಾರು ಎರಡು ವಾರ. ಅಷ್ಟು ದಿನ ಬದುಕಲೂ ಅದಕ್ಕೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪೋಷಣೆ ಬೇಕು. ಗರ್ಭ ನಿಂತರೆ ಭ್ರೂಣವೇ ಕಳುಹಿಸುವ ಹಾರ್ಮೋನು ಅದನ್ನು ಅವನತಿಯಿಂದ ಕಾಪಾಡುತ್ತದೆ. ವಾಲಬಿಯ ಕಾರ್ಪಸ್ ಲೂಟಿಯಂ ಇದಕ್ಕಿಂತ ಬಹಳ ಸ್ವತಂತ್ರವಾದ ಅಂಗ. ಅದು ಸ್ರವಿಸುವ ಪ್ರೊಜೆಸ್ಟರಾನಿನ ಮಟ್ಟ ರಕ್ತದಲ್ಲಿ ಮಿಲಿಲೀಟರಿಗೆ ಒಂದು ನ್ಯಾನೋಗ್ರಾಮನ್ನೂ ಮುಟ್ಟದಷ್ಟು ಕಡಿಮೆಯಾದರೂ ಅದರ ಮಾತು ನಡೆಯುತ್ತದೆ.

ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಟಮ್ಮಾರ್‌ಗಳಲ್ಲಿ ಹೆಚ್ಚಿನ ಮರಿಗಳು ಜನವರಿಯ ಕೊನೆಯಲ್ಲಿ ಹುಟ್ಟುತ್ತವೆ. ಹುಟ್ಟಿದ ಮರಿಯ ತೂಕ ಅರ್ಧ ಗ್ರಾಮಿಗಿಂತ ಕಡಿಮೆ. ಮರಿ ತೆವಳಿಕೊಂಡು ಚೀಲ ಸೇರಿ ಮೊಲೆತೊಟ್ಟು ಕಚ್ಚಿದ ಕೆಲವೇ ಗಂಟೆಗಳೊಳಗೆ ತಾಯಿ ಮತ್ತೆ ಬೆದೆಗೆ ಬಂದು ಗಂಡಿನೊಡನೆ ಕೂಡುತ್ತದೆ, ಎದುರುಗಡೆಯ ಅಂಡಾಶಯದಿಂದ ಹೊಸ ಅಂಡಾಣು ಬಿಡುಗಡೆಯಾಗುತ್ತದೆ, ಫಲಿತಗೊಂಡ ಅಂಡ ಸುಮಾರು ಒಂದು ವಾರ ವಿಭಜನೆಗೊಂಡು ನೂರರಷ್ಟು ಜೀವಕೋಶಗಳ ಪೊಳ್ಳು ಗೋಳವಾಗುತ್ತದೆ ಮತ್ತು ಅಲ್ಲಿಗೆ ನಿಂತುಬಿಡುತ್ತದೆ. ಜೀವಶಾಸ್ತ್ರಜ್ಞರು ಬ್ಲಾಸ್ಟೊಸಿಸ್ಟ್ ಎಂದು ಕರೆಯುವ ಈ ಹಂತದಲ್ಲಿ ಭ್ರೂಣ ಕೋಶವಿಭಜನೆಯಿಲ್ಲದೆ, ಬೆಳೆಯದೆ, ಕೆಡದೆ ಸುಮಾರು ಹನ್ನೊಂದು ತಿಂಗಳು ಗರ್ಭಕೋಶದಲ್ಲಿ ಕಾಯುತ್ತದೆ. ಮರಳಿ ಚಾಲನೆ ದೊರೆತ ಮೇಲೆ ಇಪ್ಪತ್ತಾರು ಇಪ್ಪತ್ತೇಳು ದಿನಗಳಲ್ಲಿ ಮರಿ ಹುಟ್ಟುತ್ತದೆ. ಅಂದರೆ ವಯಸ್ಕ ಹೆಣ್ಣು ಟಮ್ಮಾರ್ ವರ್ಷದ ಬಹುಪಾಲು ದಿನಗಳಲ್ಲಿ ಗಬ್ಬವಾಗಿಯೇ ಇರುತ್ತದೆ. ಆದರೆ ಗರ್ಭ ಬೆಳೆಯುವುದು ವರ್ಷದಲ್ಲಿ ಒಂದೇ ಒಂದು ತಿಂಗಳು.

ಕಾಯುತ್ತಿರುವುದು ಭ್ರೂಣವಷ್ಟೇ ಅಲ್ಲ ಎಂಬುದು ಇಲ್ಲಿ ಮುಖ್ಯ. ಅದರ ಜೊತೆಗೆ ಹುಟ್ಟಿದ ಕಾರ್ಪಸ್ ಲೂಟಿಯಂ ಕೂಡ ಅಂಡಾಶಯದಲ್ಲಿ ಪುಟ್ಟದಾಗಿ, ನಿಷ್ಕ್ರಿಯವಾಗಿ ಉಳಿದಿರುತ್ತದೆ. ಹಾಗೆ ಉಳಿದಿರುವುದು ಸುಮ್ಮನೆ ಅಲ್ಲ: ಅದು ಇರುವವರೆಗೆ ಅಂಡಾಣುವನ್ನು ಒಳಗಿಟ್ಟುಕೊಂಡು ಬೆಳೆಸುವ ಹೊಸ ಫಾಲಿಕಲ್‌ಗಳು ಪಕ್ವಗೊಂಡು ಅಂಡಾಣು ಬಿಡುಗಡೆಯಾಗುವುದಿಲ್ಲ, ಶಸ್ತ್ರಕ್ರಿಯೆಯಿಂದ ಅದನ್ನು ತೆಗೆದುಹಾಕಿದರೆ ಅಂಡಾಶಯ ಮತ್ತೆ ಹೊಸ ಅಂಡಾಣುವನ್ನು ಸಿದ್ಧಪಡಿಸುತ್ತದೆ. ಭ್ರೂಣದ ನಿದ್ರೆ ಕಾರ್ಪಸ್ ಲೂಟಿಯಂನ ನಿದ್ರೆಯ ಪರಿಣಾಮ. ಗ್ರಂಥಿ ಎಚ್ಚರಗೊಂಡು ಪ್ರೊಜೆಸ್ಟರಾನ್ ಸ್ರವಿಸತೊಡಗಿದರೆ ಗರ್ಭಕೋಶದ ಒಳಪದರ ಸ್ರಾವಗಳನ್ನು ಹೊರಬಿಡುತ್ತದೆ, ಅವು ದೊರೆತ ಮೇಲೆಯೇ ಭ್ರೂಣ ಕಣ್ತೆರೆಯುತ್ತದೆ.

ಹಾಗಾದರೆ ಕಾರ್ಪಸ್ ಲೂಟಿಯಂ ಏಕೆ ನಿದ್ರಿಸುತ್ತದೆ? ಬೇರೆ ಪ್ರಾಣಿಗಳನ್ನು ನೋಡಿ ಕಲಿತವರು ಪಿಟ್ಯುಟರಿಯ ಪ್ರೋತ್ಸಾಹ ಸಿಗದಿರುವುದರಿಂದ ಎಂದು ಉತ್ತರಿಸಿಯಾರು. 1970ರ ದಶಕದ ಆರಂಭದಲ್ಲಿ ಸಂಶೋಧಕ ಜಾನ್ ಹರ್ನ್ ಟಮ್ಮಾರ್‌ಗಳ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದು ನೋಡಿದರು. ಪ್ರೋತ್ಸಾಹದ ಕೊರತೆಯೇ ಕಾರಣವಾಗಿದ್ದರೆ ಕಾರ್ಪಸ್ ಲೂಟಿಯಂ ನಿದ್ರೆಯಲ್ಲಿಯೇ ಇರಬೇಕಿತ್ತು. ಆದದ್ದು ಬೇರೆ: ಪಿಟ್ಯುಟರಿ ಹೋದೊಡನೆ ಅದು ಎಚ್ಚರಗೊಂಡಿತು, ಭ್ರೂಣವೂ ಬೆಳೆಯತೊಡಗಿತು. ಓಡಲು ಸಿದ್ಧವಾಗಿರುವ ಗಾಡಿಗೆ ಬ್ರೇಕು ಹಾಕಿ ನಿಲ್ಲಿಸಿದಂತೆ ಪಿಟ್ಯುಟರಿ ಅದನ್ನು ತಡೆದು ಹಿಡಿದಿತ್ತು. ತಡೆಯುವ ಹಾರ್ಮೋನು ಪ್ರೊಲ್ಯಾಕ್ಟಿನ್ ಎಂಬುದು ಆಮೇಲಿನ ಪ್ರಯೋಗಗಳಿಂದ ಸ್ಪಷ್ಟವಾಯಿತು. ಪ್ರೊಲ್ಯಾಕ್ಟಿನ್ ಸ್ರಾವವನ್ನು ಕುಗ್ಗಿಸುವ ಬ್ರೋಮೋಕ್ರಿಪ್ಟಿನ್ ಎಂಬ ಔಷಧಿಯನ್ನು ಕೊಟ್ಟರೂ ಗರ್ಭ ಮರುಚಾಲನೆಗೊಳ್ಳುತ್ತದೆ. ಚೀಲದ ಮರಿ ತೊಟ್ಟು ಚೀಪುತ್ತಿರುವುದರ ಪ್ರಚೋದನೆ ನರಗಳ ಮೂಲಕ ಮಿದುಳಿಗೆ ತಲುಪಿ ಈ ತಡೆಯನ್ನು ಜೀವಂತವಾಗಿಡುತ್ತದೆ. ಮರಿಯನ್ನು ತೊಟ್ಟಿನಿಂದ ಬಿಡಿಸಿದರೆ ತಡೆ ಸಡಿಲುತ್ತದೆ. ಪ್ರಯೋಗಾಲಯದಲ್ಲಿ ಟಮ್ಮಾರ್ ಗರ್ಭದ ದಿನಗಳನ್ನು ಎಣಿಸುವುದೇ ಮರಿಯನ್ನು ಬಿಡಿಸಿದ ದಿನದಿಂದ.

ಇನ್ನೊಂದು ತಡೆಯೂ ಇದೆ, ಅದು ಋತುವಿನದು. ವರ್ಷದ ಮೊದಲ ತಿಂಗಳುಗಳಲ್ಲಿ ಚೀಲದ ಮರಿ ಸತ್ತರೆ ಕಾಯುತ್ತಿರುವ ಭ್ರೂಣ ಕೂಡಲೇ ಎದ್ದು ಬೆಳೆಯುತ್ತದೆ. ಜೂನ್ ತಿಂಗಳ ಅಯನ ಸಂಕ್ರಾಂತಿ, ಅಂದರೆ ದಕ್ಷಿಣ ಗೋಳಾರ್ಧದ ಅತಿ ಚಿಕ್ಕ ಹಗಲು, ಕಳೆದ ಮೇಲೆ ಸತ್ತರೆ ಏನೂ ಆಗುವುದಿಲ್ಲ. ಮರಿ ದೊಡ್ಡದಾಗಿ ಚೀಲ ಬಿಟ್ಟು ಹೋದರೂ ಏನೂ ಆಗುವುದಿಲ್ಲ. ಹಗಲು ಉದ್ದವಾಗುತ್ತಿರುವ ಆ ಕಾಲದಲ್ಲಿ ಪ್ರತಿದಿನ ಮುಂಜಾವಿನ ಹೊತ್ತಿಗೆ ಒಮ್ಮೆ ಪ್ರೊಲ್ಯಾಕ್ಟಿನ್ ಸ್ರಾವ ಏರಿಳಿಯುತ್ತದೆ, ದಿನಕ್ಕೊಮ್ಮೆಯ ಆ ಅಲ್ಪಕಾಲದ ಏರಿಕೆಯೇ ಅಂಡಾಶಯದ ಬಾಯಿ ಮುಚ್ಚಿಸಲು ಸಾಕು. ದಕ್ಷಿಣ ಗೋಳಾರ್ಧದ ಅತಿ ದೀರ್ಘ ಹಗಲಾದ ಡಿಸೆಂಬರ್ 22ರ ಸುಮಾರು ಕಳೆದು ರಾತ್ರಿಗಳು ಉದ್ದವಾಗತೊಡಗಿದಾಗ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿಯ ಮೆಲಟೋನಿನ್ ಹಾರ್ಮೋನು ಹೆಚ್ಚು ಹೊತ್ತು ಸ್ರವಿಸುತ್ತದೆ, ಮುಂಜಾವಿನ ಪ್ರೊಲ್ಯಾಕ್ಟಿನ್ ಏರಿಕೆ ಇಲ್ಲವಾಗುತ್ತದೆ, ದ್ವೀಪದ ಹೆಣ್ಣುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಗರ್ಭವನ್ನು ಮುಂದುವರಿಸುತ್ತವೆ. ಜನವರಿಯ ಕೊನೆಯಲ್ಲಿ ಒಟ್ಟಿಗೇ ಮರಿ ಹಾಕುವುದರ ಗುಟ್ಟು ಇದು. ಸ್ವಾರಸ್ಯವೆಂದರೆ, ಭ್ರೂಣವನ್ನು ಕಾಯಿಸಿ ಇಡುವ ಇನ್ನೊಂದು ಪ್ರಾಣಿಯಾದ, ನೀರುನಾಯಿಯ ಬಂಧು ಮಿಂಕ್‌ನಲ್ಲಿ ಇದೇ ಪ್ರೊಲ್ಯಾಕ್ಟಿನ್ ತದ್ವಿರುದ್ಧ ಕೆಲಸ ಮಾಡುತ್ತದೆ: ವಸಂತದಲ್ಲಿ ಅದರ ಪ್ರಮಾಣ ಹೆಚ್ಚಿದಾಗಲೇ ಮಿಂಕ್‌ನ ಕಾರ್ಪಸ್ ಲೂಟಿಯಂ ಎಚ್ಚರಗೊಂಡು ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುತ್ತದೆ. ಹಾರ್ಮೋನಿನ ಹೆಸರು ತಿಳಿದ ಮಾತ್ರಕ್ಕೆ ಅದು ಯಾವ ಪ್ರಾಣಿಯಲ್ಲಿ ಏನು ಮಾಡುತ್ತದೆಂದು ಊಹಿಸಲಾಗದು.

ಈಗ ಬರಗಾಲದ ವಿಚಾರ. ಲೇಖಕರ ಮನಸ್ಸಿನಲ್ಲಿದ್ದುದು ಆಸ್ಟ್ರೇಲಿಯಾದ ಒಳನಾಡಿನ ಕೆಂಪು ಕಾಂಗರೂ ಇರಬೇಕು. ಅದಕ್ಕೆ ನಿಗದಿಯಾದ ಋತುವಿಲ್ಲ; ಮೇವು ಇರುವವರೆಗೆ ವರ್ಷದ ಯಾವ ತಿಂಗಳಲ್ಲಾದರೂ ಈಯುತ್ತದೆ. ಗರ್ಭಾವಧಿ 33 ದಿನ, ಹುಟ್ಟಿದ ಮರಿಯ ತೂಕ ಒಂದು ಗ್ರಾಮಿಗಿಂತ ಕಡಿಮೆ. ಒಂದೆರಡು ದಿನಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ, ಹೊಸ ಭ್ರೂಣ ಬ್ಲಾಸ್ಟೊಸಿಸ್ಟ್ ಹಂತದಲ್ಲಿ ನಿಲ್ಲುತ್ತದೆ. ಇದು ಮೇವು ಸಮೃದ್ಧವಾಗಿರುವ ಕಾಲದಲ್ಲಿಯೂ ತಪ್ಪದೆ ನಡೆಯುತ್ತದೆ. ಚೀಲದ ಮರಿಗೆ ಸುಮಾರು 200 ದಿನ ತುಂಬಿ ಚೀಪುವುದು ಕಡಿಮೆಯಾದಾಗ ಭ್ರೂಣ ಎಚ್ಚರಗೊಳ್ಳುತ್ತದೆ. ಸುಮಾರು 235 ದಿನಕ್ಕೆ ಹಿರಿಯ ಮರಿ ಚೀಲವನ್ನು ಪೂರ್ತಿಯಾಗಿ ತೊರೆಯುವ ಹೊತ್ತಿಗೆ ಸರಿಯಾಗಿ ಕಿರಿಯದು ಹುಟ್ಟುತ್ತದೆ. ಭ್ರೂಣವನ್ನು ನಿಲ್ಲಿಸುವುದು ಅಣ್ಣನೋ ಅಕ್ಕನೋ ಆದ ಚೀಲದ ಮರಿಯ ಬಾಯಿ. ಆಕಾಶದ ಮೋಡಕ್ಕೂ ಈ ನಿಲುಗಡೆಗೂ ನೇರ ಸಂಬಂಧವಿಲ್ಲ.

ಬರ ಬಿದ್ದಾಗ ಆಗುವುದೇನು? ತಾಯಿಯ ಹಾಲು ಸಾಲದೆ ಚೀಲದ ಮರಿ ಸಾಯುತ್ತದೆ. ಚೀಪುವುದು ನಿಂತದ್ದರಿಂದ ತಡೆ ತೆಗೆದು, ಕಾಯುತ್ತಿದ್ದ ಭ್ರೂಣ ಆ ಬರಗಾಲದ ನಡುವೆಯೇ ಬೆಳೆಯತೊಡಗುತ್ತದೆ. ಅದು ಹುಟ್ಟಿ, ಹಾಲಿನ ಅಗತ್ಯ ಇನ್ನೂ ಕಡಿಮೆ ಇರುವ ಸುಮಾರು ಎರಡು ತಿಂಗಳು ಬದುಕಿ, ಆಮೇಲೆ ಅದೂ ಸಾಯುತ್ತದೆ. ಅಷ್ಟರಲ್ಲಿ ಅದರ ಹಿಂದೆ ಮತ್ತೊಂದು ಭ್ರೂಣ ಸಿದ್ಧವಾಗಿರುತ್ತದೆ. ಅಂದರೆ ಬರಗಾಲ ನಿಂತ ಭ್ರೂಣವನ್ನು ಹೊರಡಿಸುತ್ತದೆ. ಬರ ತೀರ ದೀರ್ಘವಾದರೆ ನಿಲ್ಲುವುದು ಅಂಡಾಶಯವೇ: ಫಾಲಿಕಲ್‌ಗಳು ಪಕ್ವವಾಗುವುದಿಲ್ಲ, ಹೆಣ್ಣು ಬೆದೆಗೆ ಬರುವುದಿಲ್ಲ, ಕಾಯಿಸಿಡಲು ಭ್ರೂಣವೇ ಇರುವುದಿಲ್ಲ. ಮಳೆಯಾಗಿ ಹಸಿರು ಚಿಗುರಿದ ಮೇಲೆ ಅಂಡಾಶಯ ಮತ್ತೆ ಕೆಲಸ ಆರಂಭಿಸುತ್ತದೆ. ತಾಯಿಯ ‘ನಿರ್ಧಾರ’ ಎಂಬ ಮಾತಿಗೆ ಈ ಸರಪಳಿಯಲ್ಲಿ ಎಲ್ಲಿಯೂ ಎಡೆ ಕಾಣುತ್ತಿಲ್ಲ. ‘ಕಾಂಗರೂಗಳೆಲ್ಲ’ ಎಂದು ಸಾರಾಸಗಟಾಗಿ ಹೇಳುವುದೂ ಸಲ್ಲದು, ಏಕೆಂದರೆ ಪಶ್ಚಿಮದ ಬೂದು ಕಾಂಗರೂವಿಗೆ ಭ್ರೂಣವನ್ನು ಕಾಯಿಸಿಡುವ ಶಕ್ತಿಯೇ ಇಲ್ಲ.

‘ಅರೆಬರೆ ಸಸ್ತನಿ’ ಎಂಬ ಎರಡನೆಯ ಮಾತಿಗೆ ಬರುತ್ತೇನೆ. ಚೀಲಸಸ್ತನಿಗಳ ಗರ್ಭಾವಧಿ ಕಿರಿದು ಎಂಬುದು ನಿಜ. ಆಸ್ಟ್ರೇಲಿಯಾದ ಚೀಲಸಸ್ತನಿಯಾದ (ನಮ್ಮ ಹೆಗ್ಗಣವಲ್ಲದ) ಬ್ಯಾಂಡಿಕೂಟ್‌ನದು ಸುಮಾರು ಹನ್ನೆರಡೂವರೆ ದಿನ ಮಾತ್ರ. ಭ್ರೂಣದ ಸುತ್ತ ತೆಳುವಾದ ಒಂದು ಕವಚವಿದ್ದು, ಟಮ್ಮಾರ್‌ನಲ್ಲಿ ಗರ್ಭಾವಧಿಯ ಮೂರನೆಯ ಎರಡು ಭಾಗ ಕಳೆದ ಮೇಲೆ ಅದು ಕರಗುವುದರಿಂದ, ಮಾಸು ಗರ್ಭಕೋಶಕ್ಕೆ ನೇರವಾಗಿ ತಾಗುವುದು ಕೊನೆಯ ಕೆಲವು ದಿನಗಳಲ್ಲಿ ಮಾತ್ರ. ಇದನ್ನೇ ಹಿಡಿದುಕೊಂಡು, ತಾಯಿಯ ದೇಹಕ್ಕೆ ಗರ್ಭದ ಅರಿವೇ ಇರುವುದಿಲ್ಲ, ಬೆದೆಚಕ್ರದ ನಡುವೆ ಭ್ರೂಣ ಸುಮ್ಮನೆ ಬಂದು ಹೋಗುತ್ತದೆ ಎಂದು ಒಂದು ಕಾಲದಲ್ಲಿ ಭಾವಿಸಲಾಗಿತ್ತು. 1972ರಲ್ಲಿ ಸಂಶೋಧಕಿ ಮೆರಿಲಿನ್ ರೆನ್‌ಫ್ರೀ ಅವರು ಟಮ್ಮಾರ್‌ನ ಎರಡು ಗರ್ಭಕೋಶಗಳನ್ನು ಹೋಲಿಸಿ ಈ ನಂಬಿಕೆಯನ್ನು ಅಲುಗಿಸಿದರು. ಎರಡಕ್ಕೂ ಹರಿಯುವ ರಕ್ತ ಒಂದೇ ದೇಹದ್ದು. ಆದರೂ ಭ್ರೂಣವಿರುವ ಗರ್ಭಕೋಶದ ಒಳಪದರ ಖಾಲಿಯಿರುವುದಕ್ಕಿಂತ ದಪ್ಪ, ಅದರ ಸ್ರಾವವೂ ಬೇರೆ. ಭ್ರೂಣ ತಾನಿರುವ ಕೋಣೆಯನ್ನು ತಾನೇ ಬದಲಾಯಿಸುತ್ತಿದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ, ಮತ್ತು ಒಂದೇ ಗರ್ಭಕೋಶವಿರುವ ಪ್ರಾಣಿಯಲ್ಲಿ ಇಂಥ ಪ್ರಯೋಗ ಮಾಡಲೂ ಬರುವುದಿಲ್ಲ.

ಹೆರಿಗೆಯ ವಿಷಯದಲ್ಲಿ ಅಂಡಾಶಯದ ಪಾತ್ರ ಇನ್ನೂ ಕುತೂಹಲಕರವಾದುದು. ಗರ್ಭ ಮರುಚಾಲನೆಯಾದ ಮೊದಲ ದಿನಗಳಲ್ಲಿ ಕಾರ್ಪಸ್ ಲೂಟಿಯಂ ತೆಗೆದರೆ ಭ್ರೂಣ ಉಳಿಯುವುದಿಲ್ಲ. ಮೊದಲ ವಾರ ದಾಟಿದ ಮೇಲೆ ತೆಗೆದರೆ ಭ್ರೂಣ ದಿನ ತುಂಬುವವರೆಗೂ ಬೆಳೆಯುತ್ತದೆ, ಆದರೆ ಹೆರಿಗೆಯಾಗುವುದಿಲ್ಲ. ಗರ್ಭವನ್ನು ಆರಂಭಿಸಲು ಮತ್ತು ಮುಗಿಸಲು ಆ ಗ್ರಂಥಿ ಬೇಕು, ನಡುವಿನ ದಿನಗಳನ್ನು ಭ್ರೂಣವೂ ಮಾಸೂ ಗರ್ಭಕೋಶವೂ ನಿಭಾಯಿಸುತ್ತವೆ. ದಿನ ತುಂಬಿದಾಗ ಭ್ರೂಣದ ಕಡೆಯಿಂದ ಹೊರಡುವ ಸೂಚನೆಯಿಂದ ಪ್ರೊಸ್ಟಗ್ಲ್ಯಾಂಡಿನ್ ಎಂಬ, ಹಾರ್ಮೋನಿನಂಥ ರಾಸಾಯನಿಕ ಏರುತ್ತದೆ, ಅದರ ಬೆನ್ನಿಗೆ ಪ್ರೊಲ್ಯಾಕ್ಟಿನ್ ಉಕ್ಕುತ್ತದೆ, ಪ್ರೊಜೆಸ್ಟರಾನ್ ಕುಸಿಯುತ್ತದೆ. ಆಗ ಆ ಹಳೆಯ ಗ್ರಂಥಿಯ ಹಿಡಿತ ತಪ್ಪಿ, ಎದುರುಗಡೆಯ ಅಂಡಾಶಯದಲ್ಲಿ ಬೆಳೆಯುತ್ತಿದ್ದ ಫಾಲಿಕಲ್ ಈಸ್ಟ್ರಾಡಯಾಲ್ ಎಂಬ ಹೆಣ್ಣು ಹಾರ್ಮೋನನ್ನು ಸ್ರವಿಸುತ್ತದೆ. ತಾಯಿ ಹೆತ್ತ ಕೂಡಲೇ ಬೆದೆಗೆ ಬರುವುದು ಇದರಿಂದ. ಬಾಲವನ್ನು ಮುಂದಕ್ಕೆ ಚಾಚಿ ಕುಳಿತು ಮೈ ನೆಕ್ಕಿಕೊಳ್ಳುವ ಹೆರಿಗೆಯ ಭಂಗಿಯೂ ಪ್ರೊಸ್ಟಗ್ಲ್ಯಾಂಡಿನ್‌ನದೇ ಕೆಲಸ. ಚುಚ್ಚುಮದ್ದಾಗಿ ಕೊಟ್ಟರೆ ಗಬ್ಬವಿಲ್ಲದ ಹೆಣ್ಣೂ, ಅಷ್ಟೇ ಏಕೆ, ಗಂಡು ಟಮ್ಮಾರ್ ಕೂಡ ಆ ಭಂಗಿಯಲ್ಲಿ ಕೂರುತ್ತದೆ. ಇಷ್ಟು ಹೊಂದಿಕೊಂಡ ಏರ್ಪಾಡಿಗೆ ಅರೆಬರೆ ಎಂಬ ಹೆಸರು ಹೇಗೆ ಒಪ್ಪುತ್ತದೆಂದು ನನಗೆ ತಿಳಿಯದು.

ಟಮ್ಮಾರ್ ಒಂದನ್ನೇ ನೋಡಿ ಎಲ್ಲ ಚೀಲಸಸ್ತನಿಗಳ ಮಾತು ಆಡಬಾರದು. ಕೊವಾಲಾ ಬೆದೆಗೆ ಬಂದರೂ ಗಂಡಿನೊಡನೆ ಕೂಡದೆ ಅಂಡಾಣುವನ್ನು ಬಿಡುಗಡೆ ಮಾಡುವುದಿಲ್ಲ, ಆದ್ದರಿಂದ ಕೂಡದ ಹೆಣ್ಣಿನಲ್ಲಿ ಕಾರ್ಪಸ್ ಲೂಟಿಯಂ ಉಂಟಾಗುವುದೂ ಇಲ್ಲ. ಬ್ರಶ್‌ಟೇಲ್ ಪೋಸಮ್‌ನಲ್ಲಿ ಗರ್ಭಾವಧಿ ಹದಿನೇಳೂವರೆ ದಿನವಾದರೆ ಬೆದೆಚಕ್ರ 26 ದಿನ. ಉತ್ತರ ಅಮೆರಿಕದ ವರ್ಜೀನಿಯಾ ಒಪೋಸಮ್‌ಗೆ ಸಾಮಾನ್ಯವಾಗಿ ಹದಿಮೂರು ಮೊಲೆತೊಟ್ಟುಗಳು. ಅಂಡಾಶಯ ಮಾತ್ರ ಒಂದು ಸಲಕ್ಕೆ ಇಪ್ಪತ್ತಕ್ಕೂ ಹೆಚ್ಚು ಅಂಡಾಣುಗಳನ್ನು ಬಿಡುವುದುಂಟು, ತೊಟ್ಟು ಸಿಗದ ಮರಿಗಳಿಗೆ ಉಳಿಗಾಲವಿಲ್ಲ. ದಕ್ಷಿಣ ಅಮೆರಿಕದ ಗಿಡ್ಡಬಾಲದ ಬೂದು ಒಪೋಸಮ್ ಬೆದೆಗೆ ಬರಬೇಕಾದರೆ ಗಂಡಿನ ವಾಸನೆ ಬೇಕು. ಜೌಗು ವಾಲಬಿಯದು ಎಲ್ಲಕ್ಕಿಂತ ವಿಚಿತ್ರ: ಅದರ ಗರ್ಭಾವಧಿ ಬೆದೆಚಕ್ರಕ್ಕಿಂತ ದೀರ್ಘವಾಗಿರುವುದರಿಂದ, ಒಂದು ಗರ್ಭಕೋಶದ ಮರಿ ಹುಟ್ಟುವ ಒಂದೆರಡು ದಿನ ಮೊದಲೇ ಅದು ಬೆದೆಗೆ ಬಂದು ಇನ್ನೊಂದು ಗರ್ಭಕೋಶದಲ್ಲಿ ಹೊಸ ಗರ್ಭ ಧರಿಸುತ್ತದೆ. ಅಲ್ಟ್ರಾಸೌಂಡ್ ನೆರವಿನಿಂದ ಇದನ್ನು ಖಚಿತಪಡಿಸಿದ ವರದಿ ಪ್ರಕಟವಾದದ್ದು 2020ರಲ್ಲಿ.

ಲೇಖನದಲ್ಲಿ ಅಷ್ಟು ಜಾಗ ಪಡೆದ ಚೀಲದ ಬಗ್ಗೆಯೂ ಒಂದು ಮಾತು. ಹೆಣ್ಣಿನ ಲಕ್ಷಣವಾದ್ದರಿಂದ ಚೀಲವೂ ಅಂಡಾಶಯದ ಹಾರ್ಮೋನುಗಳಿಂದಲೇ ರೂಪುಗೊಳ್ಳುತ್ತದೆ ಎಂದು ಯಾರಾದರೂ ಭಾವಿಸಬಹುದು. ಹುಟ್ಟಿದ ಟಮ್ಮಾರ್ ಮರಿಯ ಮೈಯಲ್ಲಿ ಅಂಡಾಶಯವೋ ವೃಷಣವೋ ಎಂದು ಹೇಳಲಾಗದಂಥ ಅವಿಭಜಿತ ಅಂಗವಿರುತ್ತದೆ. ಅಂಡಾಶಯ ಅಂಡಾಶಯವೆಂದು ಗುರುತಿಗೆ ಸಿಗುವುದು ಹುಟ್ಟಿ ಒಂದು ವಾರದ ಮೇಲೆ, ಚೀಲದೊಳಗೆ. ಆದರೆ ಚೀಲದ ಮೊಳಕೆ ಅಥವಾ ವೃಷಣಚೀಲದ ಮೊಳಕೆ ಹುಟ್ಟುವ ಮೊದಲೇ ಕಾಣಿಸಿಕೊಂಡಿರುತ್ತದೆ. ಹಾರ್ಮೋನು ಇನ್ನೂ ಸ್ರವಿಸದಿರುವಾಗ ಮೂಡಿದ ಈ ವ್ಯತ್ಯಾಸ ನೇರವಾಗಿ ವಂಶವಾಹಿಗಳದ್ದು, ಎಕ್ಸ್ ವರ್ಣತಂತುಗಳ ಸಂಖ್ಯೆಯನ್ನು ಅವಲಂಬಿಸಿದ್ದು ಎಂದು 1988ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎರಡು ಎಕ್ಸ್ ಮತ್ತು ಒಂದು ವೈ ಇರುವ ಅಪರೂಪದ ಟಮ್ಮಾರ್‌ಗಳಲ್ಲಿ ವೃಷಣಗಳೂ ಇರುತ್ತವೆ, ಚೀಲವೂ ಇರುತ್ತದೆ. ಲೈಂಗಿಕ ಅಂಗಗಳು ಹುಟ್ಟಿದ ಮೇಲೆ ಬೆಳೆಯುವುದರಿಂದ, ಹಾರ್ಮೋನುಗಳ ಪ್ರಭಾವವನ್ನು ತಾಯಿಯ ಗರ್ಭಕ್ಕೆ ಕೈಹಾಕದೆ ಪರೀಕ್ಷಿಸಬಹುದು ಎಂಬ ಅನುಕೂಲವೂ ಸಂಶೋಧಕರಿಗೆ ದೊರೆತಿದೆ. ಎಳೆಯ ಗಂಡುಮರಿಗೆ ಈಸ್ಟ್ರೋಜನ್ ಕೊಟ್ಟರೆ ವೃಷಣವಾಗಬೇಕಿದ್ದ ಅಂಗ ಅಂಡಾಶಯದತ್ತ ತಿರುಗಬಲ್ಲದು ಎಂಬುದನ್ನು ಮೊದಲು ಒಪೋಸಮ್‌ನಲ್ಲಿ, ಆಮೇಲೆ ಟಮ್ಮಾರ್‌ನಲ್ಲಿ ಕಂಡುಕೊಂಡದ್ದು ಹೀಗೆಯೇ. ಇಲಿಯಲ್ಲಾಗಲಿ ಮನುಷ್ಯನಲ್ಲಾಗಲಿ ಈ ಘಟ್ಟ ಗರ್ಭದೊಳಗೇ ಮುಗಿದುಹೋಗಿರುತ್ತದೆ.

ಇವೆಲ್ಲ ಕೇವಲ ಪಾಂಡಿತ್ಯದ ಸಂಗತಿಗಳಲ್ಲ. ಆಸ್ಟ್ರೇಲಿಯಾದ ಕೆಲವು ಕಡೆಗಳಲ್ಲಿ ಕೊವಾಲಾಗಳೂ ಬೂದು ಕಾಂಗರೂಗಳೂ ಅಲ್ಲಿಯ ಮರ ಹುಲ್ಲುಗಳು ತಾಳಲಾರದಷ್ಟು ಹೆಚ್ಚಾಗಿವೆ, ಅವುಗಳನ್ನು ಕೊಲ್ಲದೆ ಸಂಖ್ಯೆ ಮಿತಿಗೊಳಿಸಲು ಚರ್ಮದಡಿ ಹುದುಗಿಸುವ ಹಾರ್ಮೋನ್ ಗುಳಿಗೆಗಳನ್ನು ಬಳಸಲಾಗುತ್ತಿದೆ. ಮಹಿಳೆಯರ ಗರ್ಭನಿರೋಧಕಗಳಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಅಂಥದ್ದೊಂದು. ವಿಕ್ಟೋರಿಯಾ ರಾಜ್ಯದಲ್ಲಿ ಕೊವಾಲಾಗಳಿಗೆ ಇದನ್ನು ಹಾಕಲಾಗಿದೆ. ಪಿಟ್ಯುಟರಿಯು ಅಂಡಾಶಯಕ್ಕೆ ಕಳುಹಿಸುವ ಆಜ್ಞೆಗಳನ್ನು ಕುಗ್ಗಿಸುವ ಡೆಸ್ಲೊರೆಲಿನ್ ಇನ್ನೊಂದು. ಡೆಸ್ಲೊರೆಲಿನ್ ಹಾಕಿದ ಹೆಣ್ಣು ಟಮ್ಮಾರ್‌ನಲ್ಲಿ ಹೊಸ ಅಂಡಾಣುಗಳು ಬಿಡುಗಡೆಯಾಗುವುದು ನಿಲ್ಲುತ್ತದೆ. ಆದರೆ ಅದರ ಗರ್ಭಕೋಶದಲ್ಲಿ ಮೊದಲೇ ಒಂದು ಭ್ರೂಣ ಕಾಯುತ್ತಿದ್ದರೆ ಅದು ಯಥಾಪ್ರಕಾರ ಎಚ್ಚರಗೊಂಡು, ಬೆಳೆದು, ಹುಟ್ಟುತ್ತದೆ, ಏಕೆಂದರೆ ಅದರ ಪಾಲಿನ ಕಾರ್ಪಸ್ ಲೂಟಿಯಂಗೆ ಪಿಟ್ಯುಟರಿಯ ಪೋಷಣೆ ಬೇಕಿಲ್ಲ. ಗುಳಿಗೆ ಹಾಕಿದ ಮೇಲೂ ಮರಿ ಹುಟ್ಟಿದ್ದನ್ನು ಕಂಡು ಔಷಧಿ ಕೆಲಸ ಮಾಡಲಿಲ್ಲ ಎಂದು ತೀರ್ಮಾನಿಸುವವರು, ಹಾಗೆ ಹುಟ್ಟಿದ ಮರಿ ಔಷಧಿಗಿಂತ ಹಿಂದಿನ ಬೆದೆಯದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಅದರ ನಂತರದ ಒಂದು ಋತುವನ್ನಾದರೂ ಕಾದು ನೋಡಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಒಬ್ಬ ಓದುಗ